ಕೋತ್ವಾಲನ ಎಡಗಿವಿ

ಮಧ್ಯಾಹ್ನದೊಳಗೆ ಕೋತ್ವಾಲ ಸಿಗಬೇಕು, ಹೊತ್ತು ಮುಳುಗುವುದರೊಳಗೆ ಗುಡ್ಡ ಇಳಿಯಬೇಕು, ನಾಳೆ ಬೆಳಿಗ್ಗೆ ಕುರಿಗಳು ಕೃಷ್ಣೆಯ ಸೇತುವೆ ದಾಟಬೇಕು. ಲಗಮವ್ವ ಒಂದೊಂದು ಮಾತಿಗೂ ಒಂದೊಂದು ಬೆರಳು ಮಡಚಿದಳು. ಆ ಮಡಚಿದ ಬೆರಳು ನೋಡಿ ಅಮಿತ ಬೈಕಿನ ಕಿಕ್ ಹೊಡೆದ.

ಕೋತ್ವಾಲ ಅಂದರೆ ಟಗರು. ಲಗಮವ್ವನ ನೂರಾ ನಲವತ್ತು ಕುರಿಗಳಿಗೆ ಮುಂದಾಳು. ಅದರ ಕೊರಳ ಗಂಟೆ ಮುಂದೆ ನಡೆದರೆ ಸಾಕು, ಹಿಂದೆ ಲಾರಿ ಹಾರ್ನ್ ಹೊಡೆದರೂ ಕುರಿಗಳು ಚದುರುತ್ತಿರಲಿಲ್ಲ. ಹನ್ನೆರಡು ದಿನದ ಹಿಂದೆ ಚಿಕ್ಕೋಡಿಯ ಆಚೆ ಜೋಡುಗುಡ್ಡದಲ್ಲಿ ಮೇಯುವಾಗ ಅದು ಕಾಣೆಯಾಯಿತು. ಮೂರು ದಿನ ಹುಡುಕಿ, ಸಿಗದೆ, ಅವಳು ಅಂಕಲಿಗೆ ಬಂದು ಧರೆಪ್ಪನ ಕಬ್ಬು ಕಡಿದ ಹೊಲದಲ್ಲಿ ಕುರಿ ಕೂಡಿಸಿದ್ದಳು. ಅಲ್ಲಿಯೂ ಮೇವು ಮುಗಿದಿತ್ತು. ಇನ್ನು ಮೇವು ಇರುವುದು ಹೊಳೆಯಾಚೆ, ಕಾಗವಾಡದ ಕಡೆ. ಎರಡು ಸಲ ಸೇತುವೆ ದಾಟಿಸಲು ನೋಡಿದಳು. ಎರಡು ಸಲವೂ ಕುರಿಗಳು ನಟ್ಟನಡುವೆ ಬೆದರಿ ಹಿಂದಕ್ಕೆ ಓಡಿಬಂದವು. ಎರಡನೆಯ ಸಲ ಒಂದು ಗಬ್ಬದ ಕುರಿ ಟ್ರಾಲಿಯ ಗಾಲಿಗೆ ಸಿಕ್ಕಿ ಸತ್ತಿತು.

ಅಮಿತ ಆ ಧರೆಪ್ಪನ ತಮ್ಮನ ಮಗ. ಅವನು ಈ ಹುಡುಕಾಟಕ್ಕೆ ಬಂದದ್ದು ಪುಣ್ಯ ಕಟ್ಟಿಕೊಳ್ಳಲು ಅಲ್ಲ. ಅವನು ತೆಗೆದ ಸಿನಿಮಾ ಅವನನ್ನು ಎಳೆದು ತಂದಿತ್ತು.

ಐವತ್ತೆರಡು ನಿಮಿಷದ ಭೂತದ ಸಿನಿಮಾ. ಕಾಡಿಗೆ ಹೋದ ಗೆಳೆಯರು ಕಾಣೆಯಾಗುತ್ತಾರೆ, ಅವರ ಮೊಬೈಲು ಮಾತ್ರ ಸಿಗುತ್ತದೆ, ಅದರಲ್ಲಿದ್ದ ವಿಡಿಯೊವನ್ನೇ ಜನ ನೋಡುತ್ತಿದ್ದಾರೆ ಅಂತ ಕತೆ. ಅಮಿತ ಮತ್ತು ಅವನ ಗೆಳೆಯ ಸಮ್ಮೇದ ಇಬ್ಬರೇ ಹೋದ ವಾರ ಜೋಡುಗುಡ್ಡದಲ್ಲಿ ಎರಡು ಸಂಜೆ ಓಡಾಡಿ ಅದನ್ನು ತೆಗೆದಿದ್ದರು. ಭಾನುವಾರ ಸಂಜೆ ಅಂಕಲಿಯ ಸಮಾಜ ಭವನದಲ್ಲಿ ತೋರಿಸಿದರು. ಮೊದಲ ಇಪ್ಪತ್ತು ನಿಮಿಷ ಬರೀ ಏದುಸಿರು. ಚಿತ್ರ ಕುಣಿದ ಕುಣಿತಕ್ಕೆ ಇಬ್ಬರು ತಲೆ ಹಿಡಿದುಕೊಂಡು ಹೊರಗೆ ಹೋದರು. ಕೋಲಿಗೆ ಬಿಳಿ ಸೀರೆ ಸುತ್ತಿದ ಭೂತ ಬಂದಾಗ ಅಮಿತನ ಅತ್ತೆ ಚನ್ನವ್ವ, "ಏ, ಅದು ನನ್ನ ಸೀರಿ! ಸೆರಗು ಹೆಂಗ ಹರೀತಂತ ಈಗ ಗೊತ್ತಾತು!" ಎಂದು ಕೂಗಿದಳು. ಜನ ಬಿದ್ದು ಬಿದ್ದು ನಕ್ಕರು. ಧರೆಪ್ಪ ಟೊಪ್ಪಿಗೆ ಏರಿಸಿಕೊಂಡು ಎದ್ದು, "ಮೊಬೈಲ್ ಸಿಕ್ತಂತ. ಸಿಕ್ಕಿದ್ದನ್ನ ಅಲ್ಲೇ ಬಿಟ್ಟು ಬರಾಕ ಏನಾಗಿತ್ತು?" ಅಂದ.

ಒಂದೇ ಒಂದು ಕಡೆ ಭವನ ಗಪ್ಪಾಯಿತು. ನಲವತ್ತೊಂದನೆಯ ನಿಮಿಷದಲ್ಲಿ ಓಡುತ್ತಿದ್ದ ಸಮ್ಮೇದ ಮುಗ್ಗರಿಸುತ್ತಾನೆ, ಬ್ಯಾಟರಿಯ ಬೆಳಕು ಕೆಳಗೆ ಜಾರುತ್ತದೆ, ಪೊದೆಯ ನಡುವೆ ಎರಡು ಹಸಿರು ಕಣ್ಣು ಹೊಳೆಯುತ್ತವೆ, ಎಲ್ಲೋ ಗಂಟೆಯೊಂದು ಗಣ್ಣೆನ್ನುತ್ತದೆ. "ಆ ಕಣ್ಣು ಮಾತ್ರ ಖತರ್ನಾಕ್" ಎಂದು ಬಾಗಿಲಲ್ಲಿ ಎಲ್ಲರೂ ಹೇಳಿದರು. ಅಮಿತ ಎದೆಯುಬ್ಬಿಸಿ, "ಎರಡು ಬಲ್ಬ್ ಕಟ್ಟಿದ್ದೆ" ಅಂದ.

ಭವನದ ಹಿಂದಿನ ಸಾಲಿನಲ್ಲಿ ಕೂತು ಸಿನಿಮಾ ನೋಡಿದ್ದ ಲಗಮವ್ವ ಮರುದಿನ ಬೆಳಿಗ್ಗೆ ಹೆಗಲಿಗೆ ಕಂಬಳಿ, ಕೈಯಲ್ಲಿ ಕೋಲು ಹಿಡಿದು ಅವನ ಮನೆಯ ಅಂಗಳದಲ್ಲಿ ನಿಂತಿದ್ದಳು.

"ತಮ್ಮಾ, ಆ ಬಲ್ಬಿಗೆ ಗಂಟಿ ಯಾರು ಕಟ್ಟಿದ್ರು?"

ಅಮಿತ ಬಾಗಿಲು ದಾಟಿ ಅಂಗಳಕ್ಕಿಳಿದ. "ಬಲ್ಬ್ ಅಲ್ರಿ ಯಕ್ಕಾ. ಅದು ತಾನಾಗೇ ಬಂದಿದ್ದು. ನಮಗೂ ಆಮ್ಯಾಲೆ ಕಂಡಿದ್ದು."

"ನನ್ನ ಕೋತ್ವಾಲ ಅದು. ಆ ಗಂಟಿ ನಮ್ಮ ಅತ್ತಿ ಕಾಲದ್ದು, ಸಾವಿರ ಗಂಟಿಯೊಳಗ ಗುರ್ತ ಹಿಡೀತೇನಿ. ಯಾವ ಜಾಗ ಅದು?"

ಅದೇ ತೊಡಕು. ದಾರಿ ತಪ್ಪಿದವರ ಸಿನಿಮಾ ಅಂತ ಅವರು ನಿಜವಾಗಿಯೂ ಗುರುತಿಟ್ಟುಕೊಳ್ಳದೆ, ಮೊಬೈಲಿನ ಲೊಕೇಶನ್ ಬಂದ್ ಮಾಡಿಕೊಂಡು ಓಡಿದ್ದರು. ಮೊಬೈಲಿನಲ್ಲಿ ಜಾಗ ಸಾಲದೆ ಮೂಲ ವಿಡಿಯೊಗಳನ್ನು ಅಳಿಸಿಯಾಗಿತ್ತು. ಉಳಿದಿದ್ದ ನಕಾಶೆ ಆ ಸಿನಿಮಾ ಒಂದೇ.

ಬೈಕುಗಳನ್ನು ಗುಡ್ಡದ ಬುಡದಲ್ಲಿ ಬಿಟ್ಟು ಮೂವರೂ ಹತ್ತತೊಡಗಿದಾಗ ಎಂಟು ಗಂಟೆ. ಹಗ್ಗದ ಸುತ್ತು ಸಮ್ಮೇದನ ಹೆಗಲ ಮೇಲಿತ್ತು. ಜೋಡುಗುಡ್ಡದ ಕಾಡು ಎಂದರೆ ಇಲಾಖೆಯವರು ಸಾಲು ಹಿಡಿದು ನೆಟ್ಟ ನೀಲಗಿರಿ, ಅದರ ಸಾಲುಗಳನ್ನು ಮುರಿದು ಬೆಳೆದ ಜಾಲಿ, ಕಾರೆಕಂಟಿ, ನಡುನಡುವೆ ಎಮ್ಮೆ ಮಲಗಿದಂಥ ಕರಿಬಂಡೆಗಳು. ಕೆಳಗೆ ತಿರುಗಿ ನೋಡಿದರೆ ಕಣ್ಣು ಮುಟ್ಟುವವರೆಗೆ ಕಬ್ಬು. ಕಬ್ಬಿನ ನಡುವೆ ಸಕ್ಕರೆ ಕಾರ್ಖಾನೆಯ ಹೊಗೆ ಗಾಳಿಯಿಲ್ಲದೆ ಸೆಟೆದು ನಿಂತಿತ್ತು. ಸಂಜೆಗತ್ತಲಲ್ಲಿ ಭಯಂಕರವಾಗಿ ಕಂಡಿದ್ದ ಕಾಡು ಈ ಬಿಸಿಲಲ್ಲಿ ಅಮಿತನಿಗೆ ಹಿತ್ತಲಿನ ಹಾಗೆ ಕಂಡಿತು. ಜನ ನಕ್ಕಿದ್ದರಲ್ಲಿ ತಪ್ಪಿಲ್ಲ ಅನ್ನಿಸಿತು.

ಹತ್ತು ಗಂಟೆಗೆ ಒಣಹಳ್ಳ ಸಿಕ್ಕಿತು. ಅದು ಮೇಲೆ ಎರಡಾಗಿ ಒಡೆದಿತ್ತು. ಕವಲಿನಲ್ಲಿ ಬಾಗಿ ನಿಂತ ಬಿಳಿ ಕಾಂಡದ ಮರವೊಂದಿತ್ತು.

"ಇದು ಸಿನಿಮಾದಾಗ ಐತಿ!" ಸಮ್ಮೇದ ಕುಣಿದ.

ಅಮಿತ ಮೊಬೈಲು ತೆಗೆದ. ಚಿತ್ರದಲ್ಲಿ ಸಮ್ಮೇದ ಮರ ದಾಟಿ ಬಲಗಡೆಯ ಕವಲಿಗೆ ಓಡುತ್ತಿದ್ದ. "ಬಲಕ್ಕ."

ಬಲಗವಲು ಇಕ್ಕಟ್ಟಾಗುತ್ತ ಹೋಯಿತು. ಜಾಲಿಯ ಮುಳ್ಳು ಅಂಗಿ ಹಿಡಿದೆಳೆಯಿತು. ಬಗ್ಗಿ, ಆಮೇಲೆ ಮೊಣಕಾಲೂರಿ, ಆಮೇಲೆ ತೆವಳಿ ನಡೆದರು.

ಮುಂದಿನ ಪೊದೆ ಅಲ್ಲಾಡಿತು.

"ಕೋತ್ವಾಲ್ ಶೇಠ, ಬಾ ಹೊರಗ" ಅಂದ ಸಮ್ಮೇದ.

ಹೊರಗೆ ಬಂದದ್ದು ಹಂದಿ. ಕಾಡುಹಂದಿ, ಹಿಂದೆ ಪಟ್ಟೆಪಟ್ಟೆಯ ನಾಲ್ಕು ಮರಿ.

"ಆಯಿ ಗs!" ಸಮ್ಮೇದ ಬಂಡೆ ಹತ್ತಿದ. ಅಮಿತನ ಕಾಲು ಕದಲಲಿಲ್ಲ. ಹಂದಿ ತಲೆ ತಗ್ಗಿಸಿತು, ನುಗ್ಗಿತು.

ಲಗಮವ್ವ ಅಮಿತನನ್ನು ಪಕ್ಕಕ್ಕೆ ತಳ್ಳಿ ಮುಂದೆ ಬಂದಳು. ಕಂಬಳಿಯನ್ನು ಎರಡೂ ಕೈಯಲ್ಲಿ ಅಗಲಕ್ಕೆ ಬಿಚ್ಚಿ ಹಿಡಿದು ಫಟಾರನೆ ಒದರಿದಳು. ಕರಿಗೋಡೆಯೊಂದು ಎದುರಿಗೆ ಎದ್ದಂತಾಗಿ ಹಂದಿ ಗಕ್ಕನೆ ವಾಲಿತು. ಅವಳ ಮೊಣಕಾಲು ಸವರಿಕೊಂಡು ಪೊದೆಯಲ್ಲಿ ಮಾಯವಾಯಿತು. ಮರಿಗಳು ಕಿರುಚುತ್ತ ಹಿಂದೆ ಓಡಿದವು.

"ಇಳೀರಿ ಹೀರೋ ಸಾಹೇಬ್ರ" ಎಂದು ಅವಳು ಕಂಬಳಿ ಮಡಚಿದಳು.

ಇನ್ನೂ ಒಂದು ತಾಸು ನಡೆದ ಮೇಲೆ ಹಳ್ಳ ನುಣ್ಣನೆಯ ಬಂಡೆಗೋಡೆಗೆ ತಲೆ ಹೊಡೆದು ನಿಂತಿತು. ಟಗರಿಲ್ಲ, ಹಿಕ್ಕೆಯಿಲ್ಲ, ಗೊರಸಿನ ಗುರುತಿಲ್ಲ.

"ಆ ಕಣ್ಣು ಇನ್ನೊಮ್ಮೆ ತೋರ್ಸು" ಅಂದಳು ಲಗಮವ್ವ. ಅಮಿತ ಚಿತ್ರವನ್ನು ಅಲ್ಲಿಗೆ ತಂದು ನಿಲ್ಲಿಸಿ, ಬೆರಳಿನಿಂದ ದೊಡ್ಡದು ಮಾಡಿದ. ಕಣ್ಣು, ಅರ್ಧ ಕೋಡು, ಒಂದು ಕಿವಿ. ಕಿವಿಯ ಅಂಚಿನಲ್ಲಿ ಗುರುತಿಗೆ ಹಾಕಿದ ಕಚ್ಚು.

ಅವಳು ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು.

"ಗಂಟಿ ನಂದು. ಟಗರು ನಂದಲ್ಲ."

"ಅಂದ್ರ?"

"ನಮ್ಮ ಕುರಿಗೆ ಎಡಗಿವಿಗೆ ಕಚ್ಚು ಹಾಕ್ತೇವಿ. ಇದು ಬಲಗಿವಿ. ಬಲಗಿವಿ ಅಂದ್ರ ನನ್ನ ಮೈದುನ ಅಮೋಘಸಿದ್ದಂದು. ಹೋದ ದಸರಾಕ ಕುರಿ ಪಾಲಾದಾಗ ಅಂವಗ ಬಲ, ನನಗ ಎಡ ಅಂತ ಬೀರದೇವ್ರ ಮುಂದ ಮಾತಾಗೈತಿ." ಅವಳು ಕೋಲನ್ನು ನೆಲಕ್ಕೆ ಕುಟ್ಟಿದಳು. "ನನ್ನ ಕೋತ್ವಾಲನ್ನ ಏನೋ ಮಾಡಿ, ಗಂಟಿ ತಗೊಂಡು ತನ್ನ ಟಗರಿಗೆ ಕಟ್ಯಾನ."

ಅವಳು ಬಂಡೆ ಹತ್ತತೊಡಗಿದಳು. ಸೀರೆಯ ಗಂಟಿನಿಂದ ಮೊಬೈಲು ತೆಗೆದು ತಲೆಯ ಮೇಲೆತ್ತಿ ಹಿಡಿದಿದ್ದಳು. ಮೇಲೆ ನೆಟ್‌ವರ್ಕ್ ಸಿಗುತ್ತಿತ್ತು.

"ಯಾರಿಗೆ ಫೋನ್ ಹಚ್ಚಾಕತ್ತೀರಿ?" ಅಮಿತ ಕೇಳಿದ.

"ಅಂವಗ. ನನ್ನ ಮನಿ ಕಡೆ ಇನ್ನ ಕಾಲ ಇಡಬ್ಯಾಡ ಅಂತ ಹೇಳಾಕ."

ಅಮಿತ ಮತ್ತೆ ಚಿತ್ರ ನೋಡಿದ. ಮುಗ್ಗರಿಸಿದ ಸಮ್ಮೇದನ ಕೈ ಒಂದು ಮೂಲೆಯಲ್ಲಿತ್ತು. ಬಲಗೈ. ಬಲಗೈಯಲ್ಲಿ ಗಡಿಯಾರ. ಅವನು ಪಕ್ಕಕ್ಕೆ ನೋಡಿದ. ಕೂತು ಮುಳ್ಳು ತೆಗೆದುಕೊಳ್ಳುತ್ತಿದ್ದ ಸಮ್ಮೇದನ ಗಡಿಯಾರ ಎಡಗೈಯಲ್ಲಿತ್ತು.

ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಬಲ್ಬಿನ ಸುಳ್ಳು ಬೆಳಿಗ್ಗೆಯಷ್ಟೇ ಒಡೆದಿತ್ತು. ಈಗ ಇದೊಂದು.

ಮೇಲಿಂದ ರಿಂಗಾಗುವ ಸದ್ದು ಕೇಳಿತು.

"ಯಕ್ಕಾ, ಬಂದ್ ಮಾಡ್ರಿ! ತಪ್ಪು ನಂದು! ಅದು ನಿಮ್ಮ ಟಗರs!" ಅವನು ಬಂಡೆಯ ಮೇಲೆ ಕೈಕಾಲೂರಿ ಓಡಿದ. ಅಂಗೈ ಕಿತ್ತುಹೋಯಿತು. "ಆ ಶಾಟ್ ನಾ ತಿರುವೇನಿ! ಕನ್ನಡಿ ಒಳಗ ನೋಡಿದಂಗ ಎಡ ಬಲ ಆಗ್ತೈತಿ! ಸಮ್ಮೇದನ ಗಡಿಯಾರ ನೋಡ್ರಿ!"

ಆ ಕಡೆಯಿಂದ "ಹಲೋ, ವೈನಿ?" ಅಂತ ಮೈದುನನ ದನಿ ಬಂತು. ಲಗಮವ್ವ ಅಮಿತನ ಕಡೆ ನೋಡಿದಳು.

"ಏನಿಲ್ಲಪಾ. ಊಟ ಆತೇನಂತ ಕೇಳಾಕ ಹಚ್ಚಿದ್ದೆ" ಅಂದು ಮೊಬೈಲು ಕೆಳಗಿಳಿಸಿದಳು.

"ಯಾಕ ತಿರುವಿದಿ?"

"ಓಡೋರು ಎಲ್ಲಾ ಶಾಟಿನ್ಯಾಗೂ ಒಂದs ಕಡೆ ಓಡಬೇಕು, ಅಂದ್ರ ಚಂದ ಕಾಣ್ತೈತಿ ಅಂತ ವಿಡಿಯೊ ನೋಡಿ ಕಲ್ತಿದ್ದೆ. ಹದಿನೇಳು ಶಾಟ್ ತಿರುವೇನಿ. ಯಾವ್ಯಾವು ಅಂತ ನೆನಪಿಲ್ಲ."

"ಚಂದ ಕಾಣ್ತೇನು?"

"ಇಲ್ರಿ."

ಕೆಳಗಿನಿಂದ ಸಮ್ಮೇದ, "ಹಂಗಾದ್ರ ನಾವು ಎಡಗವಲಿಗೆ ಹೋಗಬೇಕಿತ್ತಾ? ನನ್ನ ಅಂಗಿ ಸುಮ್ಮನs ಹರೀತಾ?" ಎಂದು ಕೂಗಿದ.

ಬಿಳಿ ಮರಕ್ಕೆ ಮರಳಿದಾಗ ಎರಡು ಗಂಟೆ. ಎಡಗವಲಿನಲ್ಲಿ ನೂರು ಹೆಜ್ಜೆ ಇಡುವಷ್ಟರಲ್ಲಿ ಒಣಗಿದ ಹಿಕ್ಕೆ ಕಂಡಿತು. ಲಗಮವ್ವ ಕೈಯೆತ್ತಿ ಎಲ್ಲರನ್ನೂ ನಿಲ್ಲಿಸಿದಳು. ಬಾಯಿಗೆ ಕೈಯಡ್ಡ ಹಿಡಿದು, "ಹುರ್ರ್ರ್... ಹೋ!" ಎಂದು ಕರೆದಳು.

ದೂರದಲ್ಲಿ, ನೆಲದ ಒಳಗಿನಿಂದ ಬಂದಂತೆ, ಗಣ್.

ಪೊದೆ ಸರಿಸಿದರೆ ಕಾಲಡಿ ನೆಲವೇ ಇರಲಿಲ್ಲ. ಹಳೆಯ ಕಲ್ಲಿನ ಖಣಿ. ಎರಡಾಳು ಆಳ. ತಳದಲ್ಲಿ ಮಳೆನೀರು, ನೀರಿನ ಸುತ್ತ ಹುಲ್ಲು, ಹುಲ್ಲಿನ ಮೇಲೆ ಬಡಕಲಾದ ಟಗರು. ಸಂಜೆಗತ್ತಲಲ್ಲಿ ಸಮ್ಮೇದ ಮುಗ್ಗರಿಸಿದ್ದು ಈ ಅಂಚಿನಲ್ಲೇ. ಇನ್ನೊಂದು ಹೆಜ್ಜೆ ಹಾಕಿದ್ದರೆ ಸಿನಿಮಾ ನಿಜವಾಗುತ್ತಿತ್ತು.

ಸಮ್ಮೇದ ಅಂಚಿನಿಂದ ನಾಲ್ಕು ಹೆಜ್ಜೆ ಹಿಂದೆ ಸರಿದ.

ಹಿಂದೆ ಕಲ್ಲಿನ ಗಾಡಿ ಇಳಿಯುತ್ತಿದ್ದ ಇಳಿಜಾರು ಅರ್ಧಕ್ಕೆ ಕುಸಿದಿತ್ತು. ಕುಸಿದ ಜಾಗದಿಂದ ತಳಕ್ಕೆ ಎದೆಮಟ್ಟದ ಅಂತರ. ಅದನ್ನು ಹತ್ತಲಾರದೆ ಟಗರು ಉಳಿದಿತ್ತು.

"ನಾ ಇಳೀತೇನಿ" ಅಂದ ಅಮಿತ. ಹಗ್ಗವನ್ನು ನಡುವಿಗೆ ಕಟ್ಟಿ ಇಳಿದ. ಕಲ್ಲೊಂದು ಜಾರಿತು, ಎರಡು ಜಾರಿದವು, ಅವನು ಬೆನ್ನ ಮೇಲೆ ಸರ್ರನೆ ಹೋಗಿ ನೀರಿಗೆ ಬಿದ್ದ. ಏಳುವಷ್ಟರಲ್ಲಿ ಕೋತ್ವಾಲ ತೊಡೆಗೆ ಗುದ್ದಿತು. ಮತ್ತೆ ಬಿದ್ದ.

"ಹೆದರಬ್ಯಾಡ, ಅದಕ್ಕ ನಿನ್ನ ಗುರ್ತಿಲ್ಲ!" ಲಗಮವ್ವ ಕಂಬಳಿ ಎಸೆದಳು. "ಹೊದ್ಕೋ! ನನ್ನ ವಾಸನಿ ಹತ್ತಲಿ!"

ಒದ್ದೆಯಾದ ಮೈಮೇಲೆ ಕಂಬಳಿ ಹೊದ್ದು ಅವನು ಅಲುಗಾಡದೆ ನಿಂತ. ಟಗರು ಮೂಸಿತು. ಮತ್ತೆ ಮೂಸಿತು. ಗುದ್ದಲಿಲ್ಲ.

ಆಮೇಲೆ ಕೆಲಸ. ಇಳಿಜಾರಿನ ತುದಿಗೆ ಕಲ್ಲು ಹೊತ್ತು ಮೆಟ್ಟಿಲು ಕಟ್ಟಬೇಕು. ಒಂದು ಕಲ್ಲು, ಇನ್ನೊಂದು ಕಲ್ಲು. ಒಂದೂವರೆ ತಾಸು. ಕಿತ್ತ ಅಂಗೈಯಿಂದ ರಕ್ತ ಸೋರಿತು. ಕೊನೆಗೆ ಹಗ್ಗವನ್ನು ತನ್ನ ನಡುವಿನಿಂದ ಬಿಚ್ಚಿ ಟಗರಿನ ಎದೆಗೆ ಕಟ್ಟಿದ.

"ಜಗ್ಗ್ರಿ!"

ಲಗಮವ್ವ ಕರೆದಳು. ಕೋತ್ವಾಲ ಮೊದಲ ಕಲ್ಲಿಗೆ ಹಾರಿತು, ಎರಡನೆಯದಕ್ಕೆ ಹಾರಿತು. ಮೆಟ್ಟಿಲು ಒಮ್ಮೆಲೇ ಕದಲಿತು. ಅಮಿತ ಕೆಳಗಿನಿಂದ ಹೆಗಲು ಕೊಟ್ಟ. ಮೇಲೆ ಅಂಚು ಕುಸಿದು ಸಮ್ಮೇದನ ಕಾಲು ಗಾಳಿಗೆ ಇಳಿಯಿತು. ಅವನು ಗುಡ್ಡ ನಡುಗುವಂತೆ ಕಿರುಚಿದ. ಆದರೆ ಹಗ್ಗ ಬಿಡಲಿಲ್ಲ. ಲಗಮವ್ವ ಒಂದು ಕೈಯಲ್ಲಿ ಹಗ್ಗ, ಇನ್ನೊಂದರಲ್ಲಿ ಸಮ್ಮೇದನ ಅಂಗಿ ಹಿಡಿದು ಹಿಂದಕ್ಕೆ ಬಿದ್ದಳು. ಟಗರು ಹತ್ತಿಕೊಂಡಿತು. ಕುಸಿಯುವ ಕಲ್ಲುಗಳ ಮೇಲೆ ಅಮಿತ ಅದರ ಹಿಂದೆಯೇ ತೆವಳಿ ಬಂದ.

ಮೂವರೂ ಏದುಸಿರು ಬಿಡುತ್ತ ಬಿದ್ದುಕೊಂಡರು.

"ಸಿನಿಮಾದಾಗ ಹಿಂಗ ಒದರಾಕ ಏನಾಗಿತ್ತಲೇ?" ಅಂದ ಅಮಿತ.

ಲಗಮವ್ವ ಟಗರಿನ ತಲೆ ತೊಡೆಯ ಮೇಲಿಟ್ಟುಕೊಂಡು ಎಡಗಿವಿಯ ಕಚ್ಚನ್ನು ಹೆಬ್ಬೆರಳಿನಿಂದ ಸವರುತ್ತಿದ್ದಳು.

ಹೊತ್ತು ಮುಳುಗುವ ಮುಂಚೆ ಗುಡ್ಡದ ಬುಡ ಮುಟ್ಟಿದರು. ಅಂಕಲಿಗೆ ಒಯ್ಯಲು ಕಬ್ಬಿನ ಟ್ರ್ಯಾಕ್ಟರ್ ಒಂದು ಸಿಕ್ಕಿತು. ಖಾಲಿ ಟ್ರಾಲಿಯಲ್ಲಿ ಕೋತ್ವಾಲ ಹೊಟ್ಟೆತುಂಬ ಕಬ್ಬಿನ ಸೋಗೆ ತಿಂದಿತು.

ಬೆಳಿಗ್ಗೆ ಸೇತುವೆಯ ಬಾಯಿಯಲ್ಲಿ ಕುರಿಗಳು ಒತ್ತಿಕೊಂಡು ನಿಂತಿದ್ದವು. ಗಂಟೆ ಗಣ್ಣೆಂದು ಮುಂದೆ ಹೊರಟಿತು. ಸೊರಗಿದ ಟಗರು ಎರಡು ಕಡೆ ನಿಂತು ದಮ್ಮು ತೆಗೆದುಕೊಂಡಿತು. ಅದು ನಿಂತಾಗ ನೂರಾ ಮೂವತ್ತೊಂಬತ್ತು ಕುರಿಗಳೂ ನಿಂತವು. ಲಾರಿಯೊಂದು ಹಾರ್ನ್ ಹೊಡೆದೇ ಹೊಡೆಯಿತು. ಒಂದೂ ತಿರುಗಲಿಲ್ಲ.

ಹಿಂದೆ ನಡೆಯುತ್ತಿದ್ದ ಲಗಮವ್ವನಿಗೆ ಅಮಿತ ಮೊಬೈಲು ತೋರಿಸಿದ. ರಾತ್ರಿ ಮಲಗುವ ಮೊದಲು ಆ ಶಾಟನ್ನು ಮತ್ತೆ ಸೀದಾ ಮಾಡಿದ್ದ. ಅವಳು ಕಣ್ಣು ಕಿರಿದು ಮಾಡಿ ನೋಡಿದಳು.

"ಹ್ಞಾ. ಈಗ ನಂದು." ಎರಡು ಹೆಜ್ಜೆ ಹಾಕಿ ಕೇಳಿದಳು: "ಉಳಿದ ಸಿನಿಮಾ?"

"ಹಂಗs ಐತ್ರಿ. ಸುಮಾರs."

"ಇರ್ಲಿ ಬಿಡು" ಅಂದಳು ಲಗಮವ್ವ, ಕೋಲಿನಿಂದ ಕೊನೆಯ ಕುರಿಯನ್ನು ಮುಂದಕ್ಕೆ ತಳ್ಳುತ್ತ. ಅಮಿತ ಸೇತುವೆಯ ನಡುವೆ ನಿಂತು, ಗಂಟೆಯ ಸದ್ದು ಆಚೆ ದಡ ಮುಟ್ಟುವವರೆಗೂ ಕೇಳಿಸಿಕೊಂಡ. ಮೊಬೈಲನ್ನು ಕಿಸೆಗೆ ಹಾಕಿದ್ದ; ವಿಡಿಯೊ ತೆಗೆಯಲಿಲ್ಲ.