ಪಾಕೀಟಿನ ಒಳಗಿನ ಹೆಸರು

ಮಹಾನಂದಾ ಮಾಡಿ ಕಳಿಸಿದ್ದ ನಲವತ್ತು ಬರ್ಗರ್ ಟಿಕ್ಕಿ ಪಾಕೀಟುಗಳ ಮೇಲಿಂದ ಅವಳ ಹೆಸರನ್ನು ಅಫಜಲಪುರದ ಒಂದು ಅಂಗಡಿಯಲ್ಲಿ ಬ್ಲೇಡಿನಿಂದ ಕೆರೆದು ತೆಗೆದಿದ್ದರು.

ಅವಳಿಗದು ಇನ್ನೂ ಗೊತ್ತಿರಲಿಲ್ಲ. ಮೊದಲ ಸರಕನ್ನು ಜೇವರ್ಗಿಯಿಂದ ಬಸ್ಸಿಗೆ ಹಾಕಿ ಕಳಿಸಿದ್ದಳು. ಎರಡನೆಯದನ್ನು ತಾನೇ ತಂದು, ಥರ್ಮಾಕೋಲ್ ಡಬ್ಬಿ ಹೊತ್ತು ಅಂಗಡಿಯ ಬಾಗಿಲಲ್ಲಿ ನಿಂತಿದ್ದಳು.

ಒಳಗೆ ನರ್ಸ್ ಆಯೇಶಾ ಫ್ರೀಜರಿನೊಳಗೆ ಬಾಗಿದ್ದರು.

"ತೊಗರಿಬ್ಯಾಳಿ, ಆಲೂಗಡ್ಡಿ, ಗಜ್ಜರಿ... ನಾಕಕ್ಕ ಅರವತ್ತೇ ರೂಪಾಯಿ! ಡ್ಯೂಟಿ ಮುಗಿಸಿ ಹೋಗಿ ಹಂಚಿನ ಮ್ಯಾಲ ಇಟ್ರ ಊಟ ತಯಾರ್. ಕಂಪನೀದು ಇದರ ಎರಡರಷ್ಟು ರೇಟು. ಯಾರು ಮಾಡ್ತಾರೋ ದೇವು?"

ಹಣದ ಗಲ್ಲೆಯ ಬಳಿಯಿದ್ದ ಅಂಗಡಿಯ ಕೆಲಸಗಾರ ದೇವಾನಂದ ಕಣ್ಣೆತ್ತದೆ ಹೇಳಿದ.

"ನಮ್ಮ ಮನಿಯವ್ರೇ ಮಾಡ್ತಾರ್ರಿ."

ಮನಿಯವರು...! ಈ ಸೀಮೆಯಲ್ಲಿ ಗಂಡಸು ಹಾಗೆಂದರೆ ಹೆಂಡತಿ ಎಂದೇ ಅರ್ಥ.

ಮಹಾನಂದಾ ಡಬ್ಬಿ ಕೆಳಗಿಟ್ಟಳು. "ನಮ್ಮ ಲಗ್ನ ಯಾವಾಗ ಆತ್ರಿ? ನನಗ ಯಾರೂ ಹೇಳೇ ಇಲ್ಲ."

"ದಾವತ್ ಸೈತ ಕೊಡಲಿಲ್ಲಲೋ," ಆಯೇಶಾ ನಕ್ಕರು.

ದೇವಾನಂದ ತಲೆಯೆತ್ತಿದ. ಎಂಥ ಕಣ್ಣು ಇವನವು... ಎಂದುಕೊಳ್ಳುತ್ತಲೇ ಅವಳು ಫ್ರೀಜರಿನಿಂದ ಒಂದು ಪಾಕೀಟು ಎತ್ತಿಕೊಂಡಳು. ಹೆಸರಿದ್ದ ಜಾಗದಲ್ಲಿ ಬಿಳಿಯ ಗೀರುಗಳು!

"ಯಾರು ಕೆರದ್ರಿ?"

"ಬ್ಲೇಡು ಅಂಗಡಿ ಸಾವಕಾರ್ರದು, ಸುಳ್ಳು ನಂದು. ಮಹಾನಂದಾ ಧಮ್ಮಪಾಲ ಅಂತ ಬರದಿದ್ರಲ್ಲ, ಅಪ್ಪನ ಬೌದ್ಧ ಹೆಸರು ನೋಡಿದ ಕೂಡಲೇ ಯಾವ ಓಣಿ ಅಂತ ತಿಳೀತು ಅವರಿಗೆ. ಆ ಓಣ್ಯಾಗ ಮಾಡಿದ್ದು ಯಾರೂ ತಿನ್ನಂಗಿಲ್ಲ ಅಂದ್ರು. ಗಿರಾಕಿಗೆ ನಾ ಹಂಗ ಹೇಳಲಿಲ್ಲಂದ್ರ ಸರಕು ವಾಪಸ್ ಬರ್ತಿತ್ತು. ನೀವು ಮಾಡೋದು ನಿಲ್ಲಬಾರದಂತ..."

"ನನ್ನ ಕೈ ಬೇಕು, ನಮ್ಮಪ್ಪನ ಹೆಸರು ಬ್ಯಾಡ. ನೀವೂ ಅವರ ಪೈಕಿನೇ ಏನು?"

ಅವನ ದನಿ ತಗ್ಗಿತು. "ನಂದೂ ಅಂಥದೇ ಓಣಿರಿ, ಮಾದನಹಿಪ್ಪರಗಾದಾಗ. ಇಲ್ಲಿ ಯಾರಿಗೂ ಹೇಳಿಲ್ಲ."

ಅವಳು ಅವನನ್ನೇ ದಿಟ್ಟಿಸಿದಳು.

"ಅಂದ್ರ ಮೊದಲು ಕೆರಕೊಂಡಿದ್ದು ನಿಮ್ಮ ಹೆಸರು."

ಡಬ್ಬಿ ಎತ್ತಿಕೊಂಡು ಹೊರಟೇಹೋದಳು. ಬಸ್ಸಿನ ಹಾದಿಯುದ್ದಕ್ಕೂ ಸಿಟ್ಟು... ಸಿಟ್ಟಿನ ಅಡಿಯಲ್ಲಿ ಆ ಕಣ್ಣು!

ಇತ್ತ ಅಂಗಡಿಯಲ್ಲಿ ನರ್ಸುಗಳು, ಹಾಸ್ಟೆಲ್ಲಿನ ಹುಡುಗಿಯರು ಆ ಪಾಕೀಟುಗಳನ್ನು ದಿನಾ ಕೇಳತೊಡಗಿದರು. ಎಂಟನೆಯ ದಿನ ಸಾವಕಾರನೇ ಸರಕು ತರಲು ಅವಳಿಗೆ ಫೋನ್ ಮಾಡಿಸಿದ.

ಅವಳು ಬಂದಳು. ಈ ಸಲ ಹೆಸರಿನ ಚೀಟಿ ಪಾರದರ್ಶಕ ಪಾಕೀಟಿನ ಒಳಗಿತ್ತು. ಪಾಕೀಟು ಹರಿಯದೆ ಯಾವ ಬ್ಲೇಡೂ ಅದನ್ನು ಮುಟ್ಟುವಂತಿರಲಿಲ್ಲ.

ಸಾವಕಾರ ನೋಡಿ ಹುಬ್ಬು ಗಂಟಿಕ್ಕಿದ. "ದೇವು, ಎಲ್ಲಾ ಬಿಚ್ಚಿ ಚೀಟಿ ತಗಿ. ಬ್ಯಾರೆ ಕವರ್‌ನಾಗ ಹಾಕು."

ಇವತ್ತೂ ಬಾಯಿ ಬಿಡದಿದ್ದರೆ ಇವನ ಮುಖ ಮತ್ತೆ ನೋಡುವುದಿಲ್ಲ ಎಂದುಕೊಂಡಳು ಮಹಾನಂದಾ.

ದೇವಾನಂದ ಒಂದೊಂದೇ ಪಾಕೀಟನ್ನು ಹೆಸರು ಮೇಲೆ ಕಾಣುವಂತೆ ಫ್ರೀಜರಿನಲ್ಲಿಟ್ಟ. ಆಮೇಲೆ ಅವಳತ್ತ ತಿರುಗಿದ.

"ನಿಮ್ಮನ್ನ ಇಷ್ಟಪಟ್ಟೇನಿ, ಮಹಾನಂದಾ. ಹೆಸರು ಸಮೇತ."

"ಮೊದಲು ನಿಮ್ಮದು ಹೇಳ್ರಿ, ಕೇಳೋಣು."

ಅಂಗಡಿಯಲ್ಲಿದ್ದ ಗಿರಾಕಿಗಳೆಲ್ಲ ಕೇಳುವಂತೆ ಅವನು ಹೇಳಿದ. "ದೇವಾನಂದ ಮಲ್ಕಪ್ಪ. ಮಾದನಹಿಪ್ಪರಗಾ, ಬೌದ್ಧರ ಓಣಿ."

ಅವಳ ಕಣ್ಣು ತುಂಬಿತು. "ಕೆಲಸ ಹೋದ್ರ?"

"ಜೇವರ್ಗಿಗೆ ಬಸ್ ಅದಾವಲ್ಲರಿ."

"ಬಂದ್ರ ಉಳ್ಳಾಗಡ್ಡಿ ಹೆಚ್ಚಬೇಕಾಗ್ತದ. ದಿನಾ."

"ಹೆಚ್ಚತೇನಿ."

"ನಾನೂ ಇಷ್ಟಪಟ್ಟೇನಿ," ಅವಳು ಮೆಲ್ಲಗೆ ಅಂದಳು. "ಈಗ, ಈ ಗಳಿಗಿಗೆ."

ಸಾವಕಾರ ಗಲ್ಲೆ ಗುದ್ದಿದ. "ಲೇ ದೇವು, ಪಾಕೀಟ ಬಿಚ್ಚತೀಯೋ ಇಲ್ಲೋ?"

"ಬಿಚ್ಚಂಗಿಲ್ಲರಿ," ಅಂದ ದೇವಾನಂದ.