ಪೆನ್‌ಡ್ರೈವಿನೊಳಗೊಂದು ಮನೆ

ಚಳಿ ಇಳಿಯುತ್ತಿದ್ದ ದಿನಗಳು. ಸೋಮವಾರ, ಬೆಳಗಿನ ಹತ್ತು ಗಂಟೆ. ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಹರಿದ ನಿಘಂಟಿಗೆ ಹೊಲಿಗೆ ಹಾಕುತ್ತಾ ಕೂತಿದ್ದೆ. ಪುಸ್ತಕ ಕಟ್ಟುವುದು ನನ್ನ ಕೆಲಸ. ಓದಿದ್ದು ನಾಲ್ಕನೇ ಕ್ಲಾಸು. ಆಗ ನನಗೆ ಐವತ್ತಾರು. ನನ್ನವರು ತೀರಿಕೊಂಡು ಹನ್ನೊಂದು ವರ್ಷವಾಗಿತ್ತು.

ಕಿಟಕಿ ಪಕ್ಕದ ಕಂಪ್ಯೂಟರಿನಲ್ಲಿ ಬಗೆಬಗೆಯ ಹೊಲಿಗೆಯ ಪುಟಗಳನ್ನು ನೋಡುವುದೊಂದು ಹುಚ್ಚು ನನಗೆ. ಅದು ಲಿನಕ್ಸ್ ಎಂಬ ವ್ಯವಸ್ಥೆಯಲ್ಲಿ ನಡೆಯುವ ಕಂಪ್ಯೂಟರು. ಹಳೆಯ ಬ್ರೌಸರ್ ಆ ಪುಟಗಳನ್ನು ತೆರೆಯದಾದಾಗ ಗ್ರಂಥಾಲಯದ ಮೇಡಂ ಜಿಲ್ಲಾ ಆಫೀಸಿಗೆ ಬರೆದರು. ರಿಪೇರಿಗೆ ಒಬ್ಬರು ಬಂದರು. ಊರೂರು ಸುತ್ತುವವರು, ನನಗಿಂತ ಎರಡು ವರ್ಷ ದೊಡ್ಡವರು, ಹೆಗಲಲ್ಲಿ ಆಫೀಸಿನ ಕಂದು ಚೀಲ. ಮನೆಯಲ್ಲಿ ತಂಗಿಯ ಹತ್ತಿರ ‘ಚೀಲದವರು’ ಎಂದೆ. ಆ ಹೆಸರೇ ನಿಂತಿತು.

ಅವರು ಪೆನ್‌ಡ್ರೈವಿನಲ್ಲಿ ಹೊಸ ಬ್ರೌಸರ್ ಹಾಕಿಕೊಟ್ಟು ಕೈ ತೊಳೆಯಲು ಹೋದರು. ನಾನು ಅದನ್ನು ಒತ್ತಿದೆ. ‘ಅನುಮತಿ ಇಲ್ಲ’ ಎಂದಿತು. ನನಗೆ ಮೈಯೆಲ್ಲ ಉರಿಯಿತು.

“ಏನ್ರೀ, ಅಂಟಿನ ಕೈ ಅಂತ ನನಗೆ ಅನುಮತಿ ಇಲ್ವಾ?”

“ಅಯ್ಯೋ, ಅನುಮತಿ ಇಲ್ದಿರೋದು ನಿಮಗಲ್ಲ, ಅದಕ್ಕೆ!” ಒದ್ದೆ ಕೈಯಲ್ಲೇ ಓಡಿಬಂದರು. “ಹೊಸಬರು ಬಂದ್ರೆ ಲಿನಕ್ಸ್ ಬಾಗಿಲಲ್ಲೇ ನಿಲ್ಲಿಸುತ್ತೆ. ಒಳಗೆ ಬಾ ಅಂತ ಯಜಮಾನರು ಒಂದು ಮಾತು ಹೇಳ್ಬೇಕು.”

ಒಂದು ಚಿಕ್ಕ ಚೌಕ ತೋರಿಸಿ, ಅದರಲ್ಲಿ ನನ್ನ ಕೈಯಿಂದಲೇ ಗುರುತು ಹಾಕಿಸಿದರು. ಬ್ರೌಸರ್ ತೆರೆದುಕೊಂಡಿತು.

“ಮುಖ ಮಾತ್ರ ಇನ್ನೂ ಅರಳಿಲ್ಲ,” ಎಂದರು ನನ್ನನ್ನು ಓರೆಗಣ್ಣಲ್ಲಿ ನೋಡಿ. ನಗು ತಡೆಯಲು ದಾರವನ್ನು ಹಲ್ಲಲ್ಲಿ ಕಚ್ಚಿಕೊಂಡೆ.

“ಇದನ್ನ ಇನ್‌ಸ್ಟಾಲ್ ಮಾಡೋದಿಲ್ವಾ?”

“ಬೇಡ. ಬೇಕಾದ್ದೆಲ್ಲ ಗಂಟು ಕಟ್ಕೊಂಡೇ ಬಂದಿದೆ. ಎಲ್ಲಿ ಹೋದ್ರೂ ನಡೆಯುತ್ತೆ, ಎಲ್ಲೂ ನೆಲೆ ನಿಲ್ಲಲ್ಲ.”

“ನಿಮ್ಮ ಹಾಗೇ.”

ಅವರು ಚೀಲದ ಪಟ್ಟಿ ಸರಿಮಾಡಿಕೊಂಡರು. “ಹೆಂಡತಿ ಹೋದ ಮೇಲೆ ಹಾಗಾಗ್ಬಿಟ್ಟೆ.”

ರಾತ್ರಿ ಊರಲ್ಲೇ ತಂಗಿದ್ದ ಅವರ ಜೊತೆ ಮಂಗಳವಾರ ಬೆಳಗ್ಗೆ ಮತ್ತೆ ಜಗಳ. “ಇಪ್ಪತ್ತು ಪುಟಕ್ಕೆ ಗುರುತು ಹಾಕಿದ್ದೆ. ಒಂದೂ ಇಲ್ಲ! ನಾನು ಪುಸ್ತಕಕ್ಕೆ ಹೊಲಿದ ರಿಬ್ಬನ್ನು ಇಪ್ಪತ್ತು ವರ್ಷವಾದ್ರೂ ಅಲ್ಲಾಡಿಲ್ಲ, ಗೊತ್ತಾ?”

ಅವರು ದಿನವಿಡೀ ಹುಡುಕಿದರು. ಬುಧವಾರ ಸಂಜೆ ಸಿಕ್ಕಿತು.

“ಈ ಕಂಪ್ಯೂಟರು ಆಫ್ ಮಾಡಿದಾಗಲೆಲ್ಲ ಎಲ್ಲವನ್ನೂ ಗುಡಿಸಿಹಾಕುತ್ತೆ. ಬ್ರೌಸರ್ ತನ್ನ ಸಾಮಾನು ಇಲ್ಲಿ ಇಡಬಾರ್ದು. ಪೆನ್‌ಡ್ರೈವಲ್ಲಿ ಅದರ ಪಕ್ಕದಲ್ಲೇ, ಅದರ ಹೆಸರಲ್ಲೇ ಒಂದು ಫೋಲ್ಡರ್ ಮಾಡ್ಬೇಕು. ಹೆಸರಿನ ಕೊನೆಗೆ ಒಂದು ಚುಕ್ಕಿ, ಆಮೇಲೆ ಇಂಗ್ಲಿಷಲ್ಲಿ ‘ಹೋಮ್’ ಅಂತ ನಾಲ್ಕಕ್ಷರ. ಒಂದು ತಪ್ಪಿದ್ರೂ ಅದಕ್ಕೆ ಮನೆ ಕಾಣಲ್ಲ. ನೀವೇ ಒತ್ತಿ.”

ಒಂದೇ ಬೆರಳಲ್ಲಿ ಒತ್ತತೊಡಗಿದೆ. ಅವರು ಹಿಂದೆ ನಿಂತು ಅಕ್ಷರ ಹೇಳಿಕೊಟ್ಟರು.

“ನಾಳೆ ಗುರುತು ಉಳಿದಿದ್ರೆ ಕೆಲಸ ಮುಗೀತು. ಮಧ್ಯಾಹ್ನದ ಬಸ್ಸಿಗೆ ಹೊರಡ್ತೀನಿ.”

ನನ್ನ ಬೆರಳು ನಿಂತಿತು. ಕೊನೆಯ ಅಕ್ಷರವೊಂದು ಬಾಕಿ ಇತ್ತು. “ಆಯ್ತು,” ಎಂದು ಒಂದೆರಡು ಪುಟಕ್ಕೆ ಗುರುತು ಹಾಕಿ ಎದ್ದುಬಿಟ್ಟೆ.

ಆ ಸಂಜೆ ತಂಗಿ ಕೆಣಕಿದಳು. “ಅಕ್ಕಾ, ಏನಿದು ಒಬ್ಬಳೇ ನಗ್ತಾ ಇದ್ದೀಯಾ?”

“ರಿಪೇರಿ ನಡೀತಿದೆ ಕಣೇ.”

“ಕಂಪ್ಯೂಟರಿಂದಾ, ನಿಂದಾ?”

ಗುರುವಾರ ಗುರುತುಗಳಿರಲಿಲ್ಲ. ಅವರು ಪರದೆಯನ್ನು ಬಹಳ ಹೊತ್ತು ನೋಡಿ, “ಛೇ, ಎಲ್ಲೋ ಎಡವಟ್ಟಾಗಿದೆ,” ಎಂದರು. ಆಮೇಲೆ ಕಂಪ್ಯೂಟರನ್ನು ಮುಟ್ಟಲೇ ಇಲ್ಲ. ನನ್ನೆದುರು ಸ್ಟೂಲಿನಲ್ಲಿ ಕೂತು ಸೂಜಿಗೆ ದಾರ ಪೋಣಿಸಿಕೊಟ್ಟರು. ಪ್ರತಿ ಸಲವೂ ಬೆರಳು ತಗುಲಿತು. ಹೊರಗೆ ಬಸ್ಸು ಹಾರನ್ ಹೊಡೆದು ಹೋಯಿತು. ಇಬ್ಬರೂ ತಲೆ ಎತ್ತಲಿಲ್ಲ.

ಬಾಗಿಲು ಹಾಕುವ ಹೊತ್ತಿಗೆ ಕೇಳಿದರು: “ಒಂದು ಹೊಲಿಗೇನೂ ತಪ್ಪದ ಕೈ, ಒಂದಕ್ಷರ ತಪ್ಪಿಬಿಡ್ತಾ?”

ನನ್ನ ಕಿವಿ ಬಿಸಿಯಾಯಿತು. “ಯಾವಾಗ ನೋಡಿದ್ರಿ?”

“ನಿನ್ನೆ, ನೀವು ಬಿಟ್ಟಾಗಲೇ.”

“ಮತ್ತೆ ಹೇಳಲಿಲ್ಲ ಯಾಕೆ?”

“ಬಸ್ಸು ತಪ್ಪಲಿ ಅಂತ.”

ಅವರು ಸೂಜಿಯನ್ನು ಮೇಜಿನ ಮೇಲಿಟ್ಟರು. ಆಮೇಲೆ ಮೆಲ್ಲಗೆ ಅಂದರು: “ಆ ಅಕ್ಷರ ಹಾಕಿದ್ರೆ ಬ್ರೌಸರಿಗೆ ಮನೆ ಆಗುತ್ತೆ. ನನ್ನ ಕಥೆ ಏನು? ಬಾಗಿಲಲ್ಲೇ ನಿಂತಿದ್ದೀನಲ್ಲ.”

ನನಗೆ ದೊಡ್ಡ ಮಾತು ಬರುವುದಿಲ್ಲ. ಅವರ ಅಂಗೈ ಎಳೆದುಕೊಂಡು, ಕಾಗದಕ್ಕೆ ಅಳತೆ ಹಾಕುವ ಪೆನ್ಸಿಲಿನಲ್ಲಿ ಒಂದು ಚಿಕ್ಕ ಚೌಕ ಬರೆದೆ. ಅದರೊಳಗೆ ಗುರುತು ಹಾಕಿದೆ.

“ಒಳಗೆ ಬನ್ನಿ,” ಎಂದೆ.

ಅವರು ಆ ಕೈಯನ್ನು ಮಡಚಿಯೇ ಇಟ್ಟುಕೊಂಡರು, ಅಳಿಸಿಹೋದೀತೆಂದು. ನಾನು ಹೋಗಿ ಕೊನೆಯ ಅಕ್ಷರ ಒತ್ತಿದೆ. ಇಪ್ಪತ್ತು ಪುಟಕ್ಕೂ ಹೊಸದಾಗಿ ಗುರುತು ಹಾಕುವವರೆಗೆ ಅವರು ಪಕ್ಕದಲ್ಲೇ ಕಾದರು.

ಮರುದಿನ ಇಪ್ಪತ್ತೂ ಇದ್ದವು. ಅವರು ಆಫೀಸಿಗೆ, ‘ತೊಂದರೆ ಸರಿಹೋಗಿದೆ, ಇನ್ನು ನನ್ನಿಂದ ಸುತ್ತಾಟ ಆಗದು’ ಎಂದು ಬರೆದು, ಕಾಗದವನ್ನು ಕಂದು ಚೀಲದೊಳಗಿಟ್ಟು ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟರು. ಶುಕ್ರವಾರ ಮಧ್ಯಾಹ್ನದ ಬಸ್ಸಿನಲ್ಲಿ ಚೀಲವೊಂದೇ ಹೊರಟುಹೋಯಿತು.