ಕುಳಗೇರಿ ಕ್ರಾಸಿನ ದಾಳಿಂಬೆ ಎಲೆಗಳು

"ನಾ ಎಲಿ ಬದಲಿ ಮಾಡಿಲ್ಲರಿ ಟೀಚರ್," ಎಂದಳು ಸುಂದರವ್ವ. ಕುಳಗೇರಿ ಕ್ರಾಸಿನಲ್ಲಿ ಅವಳದು ದಾಳಿಂಬೆ ಸಸಿಗಳ ನರ್ಸರಿ. "ಎಂಟು ತಿಂಗಳಾತು, ಯಾರೂ ಮಾತಾಡ್ಸೂದಿಲ್ಲ. ಭಾಳ ಒಂಟಿ ಆಗೇನಿ."

ತಸ್ಲೀಮಾ ಟೀಚರ್ ಬಾದಾಮಿಯ ನಿವೃತ್ತ ವಿಜ್ಞಾನ ಶಿಕ್ಷಕಿ. ಬಗೆಹರಿಯದ ತಕರಾರುಗಳೆಲ್ಲ ಅವರ ಬಾಗಿಲಿಗೇ ಬರುತ್ತಿದ್ದವು. ನಾನು ನಾಗಲಿಂಗ, ಅವರ ಶಾಲೆಯ ಹಳೆಯ ಜವಾನ, ಈಗ ಅವರ ಕಾರಿನ ಡ್ರೈವರ್.

ಸುಂದರವ್ವನ ಸಸಿಗಳಿಗೆ ರೋಗವಿಲ್ಲವೆಂದು ಬಾಗಲಕೋಟೆಯ ಒಂದು ಲ್ಯಾಬು ಬರೆದುಕೊಟ್ಟಿತ್ತು. ಆದರೆ ಅವನ್ನು ನೆಟ್ಟ ಶ್ರೀಶೈಲನ ತೋಟಕ್ಕೆಲ್ಲ ದುಂಡಾಣು ರೋಗ ಹತ್ತಿತು. ಬೇರೆ ಗಿಡದ ಒಳ್ಳೆಯ ಎಲೆ ಕಳಿಸಿ ಮೋಸ ಮಾಡಿದಳೆಂದು ಜನ ತೀರ್ಮಾನಿಸಿದರು. ನಾನೂ ಹಾಗೇ ಅಂದುಕೊಂಡಿದ್ದೆ, ಸುಳ್ಳೇಕೆ ಹೇಳಲಿ.

ಲ್ಯಾಬಿನಲ್ಲಿದ್ದವನು ಸಂಗಯ್ಯನೊಬ್ಬನೇ, ಅರವತ್ತು ದಾಟಿದ ಒಂಟಿ ಜೀವ. ನಾವು ಅಲ್ಲಿಗೆ ಹೋದಾಗ ಟೀಚರ್ ದಾಖಲೆ ತಿರುವಿದರು. ಆ ವರ್ಷ ಯಾವ ನರ್ಸರಿಯ ಎಲೆಯಲ್ಲೂ ರೋಗ ಸಿಕ್ಕಿರಲಿಲ್ಲ. ಹಳೆಯ ಪರೀಕ್ಷೆಯ ನಳಿಗೆಗಳ ಮುಚ್ಚಳ ಉಬ್ಬಿತ್ತು, ಚೀಟಿಯ ಮಸಿ ಹಬ್ಬಿತ್ತು. ನನ್ನ ಹೊಟ್ಟೆ ತಾಳ ಹಾಕುತ್ತಿತ್ತು, ಅವರಿಗೆ ಅದರ ಖಬರೇ ಇಲ್ಲ.

ಮರುದಿನ ಮಧ್ಯಾಹ್ನ ಟೀಚರ್ ಸಂಗಯ್ಯ, ಶ್ರೀಶೈಲ, ಊರ ಜನ ಎಲ್ಲರನ್ನೂ ಸುಂದರವ್ವನ ಮನೆಗೆ ಕರೆಸಿದರು. ಶ್ರೀಶೈಲನ ತೋಟದ ರೋಗದ ಎಲೆಯ ರಸ ಎರಡು ನಳಿಗೆಯಲ್ಲಿತ್ತು.

"ಈ ಹೊಸಾ ದ್ರಾವಣದಾಗ ರೋಗಾಣುವಿನ ಡಿಎನ್ಎಗೆ ಹೊಂದೂ ತುಣುಕಿಗೆ ಪ್ರೋಟೀನು ಹೊದಿಸಿ, ಹೊಳಿಯೂ ಗುರುತು ಹಚ್ಚಿರ್ತಾರ," ಎಂದರು ಟೀಚರ್. "ಆ ಪ್ರೋಟೀನ ಡಿಎನ್ಎದ ಕೂಡಿದ ಎರಡು ಎಳಿಗಳ ನಡುವ ನುಗ್ಗಿ ಜೋಡಿ ಹುಡುಕತೈತಿ, ಸಿಕ್ಕರ ಗುರುತು ಅಲ್ಲೇ ಅಂಟಿ ಹೊಳಿತೈತಿ. ಸಂಗಯ್ಯನವರ, ನೀವು ದಿನಾ ಮಾಡಿದಂಗ ಒಂದು ಮಾಡ್ರಿ."

ಸಂಗಯ್ಯ ಆ ದ್ರಾವಣ ಬೆರೆಸಿ ನಳಿಗೆಯನ್ನು ಕುದಿಯುವ ನೀರಿಗಿಟ್ಟ. ಇನ್ನೊಂದನ್ನು ಟೀಚರ್ ಕುದಿಸದೆ ಬಿಟ್ಟರು. ಅಂಟದೆ ಉಳಿದ ಗುರುತನ್ನು ತೊಳೆದು ನೀಲಿ ದೀಪಕ್ಕೆ ಹಿಡಿದಾಗ ಟೀಚರದ್ದು ಮಾತ್ರ ಹೊಳೆಯಿತು.

"ಹಳೀ ಪದ್ಧತಿಯೊಳಗ ಎಳಿ ಬಿಡಿಸಾಕ ಕುದಿಸಬೇಕಿತ್ತು. ಇಲ್ಲಿ ಆ ಕೆಲಸ ಪ್ರೋಟೀನಿಂದು. ಕುದಿಸಿದ್ರ ಅದ ಕೆಡತೈತಿ, ರೋಗ ಇದ್ರೂ ಕಾಣೂದಿಲ್ಲ. ಉಬ್ಬಿದ ಮುಚ್ಚಳ, ಹಬ್ಬಿದ ಮಸಿ ನೋಡಿದಾಗ್ಲೇ ನಳಿಗಿ ಕುದಿನೀರಿಗಿಟ್ಟಾರಂತ ಸಂಶಯ ಬಂತು. ಎಲ್ಲಾ ನರ್ಸರಿಯವರೂ ಎಲಿ ಬದಲಿ ಮಾಡಾಕ ಸಾಧ್ಯ ಏನು? ಸುಂದರವ್ವ ಕಳಿಸಿದ್ದು ಖರೆ ಎಲಿನ."

"ಕುದಿಸೂದು ಮೂವತ್ತು ವರ್ಷದ ರೂಢಿರಿ," ಎಂದ ಸಂಗಯ್ಯ. "ಹೊಸಾದು ಕೇಳಿ ತಿಳ್ಕೊಳ್ಳಾಕ ಅಲ್ಲಿ ಯಾರಿದ್ರು, ನಾ ಒಬ್ಬನ."

ಶ್ರೀಶೈಲ ತಲೆ ತಗ್ಗಿಸಿ "ತಪ್ಪಾತವ್ವ" ಎಂದು ಹೊರಟ. ಉಳಿದವರೂ ಅವನ ಹಿಂದೆ ಜಾರಿಕೊಂಡರು. ನನಗೆ ಸಿಟ್ಟು ಬಂತು, ನನ್ನ ಮೇಲೂ ಬಂತು.

ಸಂಗಯ್ಯ ಕಣ್ಣೊರೆಸಿಕೊಂಡು ಎದ್ದ. ಸುಂದರವ್ವ ಬಾಗಿಲಿಗೆ ಅಡ್ಡ ನಿಂತಳು.

"ನೀವರೆ ಕೂಡ್ರಿ. ರೊಟ್ಟಿ ಮಾಡ್ತೇನಿ," ಎಂದಳು. "ಒಬ್ಬರ ಕುಂತು ಉಣ್ಣೂದು ಹೆಂಗಿರತೈತಿ ಅಂತ ನಿಮಗೂ ಗೊತ್ತೈತಿ."